ಮ್ಯಾಟಿನ ಮೇಲಿದ್ದ ಪೆಪ್ಪರ್‌ಮೆಂಟ್ ಚೂರು

ಶಿವಮೊಗ್ಗದಿಂದ ಸಾಗರಕ್ಕೆ ವಾಪಸ್ ಬರುತ್ತಿದ್ದ ಒಂದು ಭಾನುವಾರದ ಸಂಜೆ. ಜಿಟಿಜಿಟಿ ಮಳೆ. ಆನಂದಪುರದಲ್ಲಿ ಚಹಾ ಕುಡಿಯೋಣವೆಂದು ಕಾರು ನಿಲ್ಲಿಸಿದೆ. ಹಿಂದೆಯೇ ಬಂದ ಲಾರಿಯೂ ನಿಂತಿತು. ಡ್ರೈವರ್ ಇಳಿದು ನೇರ ನನ್ನ ಹತ್ತಿರವೇ ಬಂದ.

“ಏನ್ ಸಾರ್, ಕುಂಸಿಯಿಂದ ಬ್ರೇಕ್ ಮೇಲೆ ಕಾಲಿಟ್ಕಂಡೇ ಬರ್ತಾ ಇದೀರಲ್ಲ?”

ಹಿಂದೆ ಹೋಗಿ ನೋಡಿದರೆ ಎರಡೂ ಕೆಂಪು ದೀಪ ಧಗಧಗ ಉರಿಯುತ್ತಿವೆ. ಕಾರು ಆಫ್, ಕೀ ನನ್ನ ಜೇಬಿನಲ್ಲಿ. ಮಳೆನೀರು ಒಳಗೆ ಇಳಿದಿರಬೇಕು, ಒಣಗಿದರೆ ಸರಿಹೋಗುತ್ತದೆ ಅಂದೆ. ಅವನು ಗಾಜಿನ ಲೋಟ ಕೆಳಗಿಟ್ಟು, “ನೀವು ನಿಜವಾಗ್ಲೂ ಬ್ರೇಕ್ ಹಾಕಿದ್ದು ನಂಗೆ ಗೊತ್ತಾಗೋದು ಗುದ್ದಿದ ಮೇಲೇನೇ ಸಾರ್” ಎಂದು ಹೇಳಿ ಹೋದ. ಆಮೇಲೆ ಮನೆಯವರೆಗೂ ಕನ್ನಡಿಯಲ್ಲಿ ಯಾವ ಬೆಳಕು ಕಂಡರೂ ಬೆನ್ನು ಜುಂ ಎನ್ನುತ್ತಿತ್ತು.

ಮನೆ ಮುಟ್ಟಿದಾಗ ರಾತ್ರಿ ಎಂಟು. ದೀಪ ಇನ್ನೂ ಉರಿಯುತ್ತಲೇ ಇತ್ತು. ಬೆಳಿಗ್ಗೆ ನೋಡಿದರಾಯಿತು ಎಂದು ಮಲಗಿದೆ. ಅದೇ ನಾನು ಮಾಡಿದ ತಪ್ಪು. ಹಿಂದಿನ ಬಲ್ಬು ಒಂದೊಂದೂ 21 ವಾಟ್, ಎರಡು ಸೇರಿ 42. ಹನ್ನೆರಡು ವೋಲ್ಟಿಗೆ ಲೆಕ್ಕ ಹಾಕಿದರೆ ಮೂರೂವರೆ ಆಂಪಿಯರ್. ನನ್ನ ಬ್ಯಾಟರಿ 35 ಆಂಪಿಯರ್-ಅವರಿನದು, ಅಂದರೆ ಈ ಲೆಕ್ಕಕ್ಕೆ ಹೆಚ್ಚೆಂದರೆ ಹತ್ತು ಗಂಟೆಯ ಸರಕು. ಬೆಳಿಗ್ಗೆ ಏಳಕ್ಕೆ ಕೀ ತಿರುಗಿಸುವ ಹೊತ್ತಿಗೆ ಹನ್ನೊಂದು ಗಂಟೆ ಕಳೆದಿತ್ತು. ಟಿಕ್ ಎಂಬ ಸದ್ದೂ ಬರಲಿಲ್ಲ.

ಪಕ್ಕದ ಮನೆ ಭಟ್ಟರು, ಅವರ ಅಳಿಯ, ಹಾಲು ಹಾಕಲು ಬಂದ ಹುಡುಗ ಮೂವರೂ ಸೇರಿ ಇಳಿಜಾರಿನಲ್ಲಿ ತಳ್ಳಿದರು. ಎರಡನೇ ಗೇರು, ಕ್ಲಚ್ ಬಿಟ್ಟೆ, ಕಾರು ಒಂದು ಸಲ ಎಗರಿ ಸುಮ್ಮನಾಯಿತು. ಕಾರ್ಬ್ಯುರೇಟರ್ ಕಾಲದ ಗಾಡಿಯಾಗಿದ್ದರೆ ಈ ಉಪಾಯ ಫಲಿಸುತ್ತಿತ್ತೇನೋ. ಈಗಿನವಕ್ಕೆ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಊರಾಚೆವರೆಗೆ ತಳ್ಳಿದರೂ ಅಷ್ಟೆ. ಕೊನೆಗೆ ಭಟ್ಟರ ಜೀಪಿನಿಂದ ಕೇಬಲ್ ಹಾಕಿ ಎಬ್ಬಿಸಿದೆವು.

ಮೊದಲು ದೀಪ ಆರಿಸಬೇಕಿತ್ತು. ಫ್ಯೂಸ್ ಡಬ್ಬಿ ತೆರೆದು 15 ಆಂಪಿಯರಿನ ನೀಲಿ ಫ್ಯೂಸ್ ಕಿತ್ತೆ, ಆರಿತು. ಪೇಟೆಯತ್ತ ಹೊರಟು ಮೊದಲ ತಿರುವಿನಲ್ಲಿ ಹಾರ್ನ್ ಒತ್ತಿದೆ. ಸದ್ದಿಲ್ಲ. ನನ್ನ ಕಾರಿನಲ್ಲಿ ಎರಡಕ್ಕೂ ಒಂದೇ ಫ್ಯೂಸಂತೆ. ಬ್ರೇಕ್ ಲೈಟಿಲ್ಲದೆ ಹೇಗೋ ಓಡಿಸಬಹುದು, ಹಾರ್ನ್ ಇಲ್ಲದೆ ಸಾಗರದ ಪೇಟೆಗೆ ಇಳಿಯುವ ಧೈರ್ಯ ನನಗಿಲ್ಲ. ತಿರುಗಿ ಬಂದೆ.

ಗ್ಯಾರೇಜಿಗೆ ಫೋನ್ ಮಾಡಿದರೆ, “ಸ್ವಿಚ್ ಹೋಗಿರತ್ತೆ, ಇಲ್ಲಾಂದ್ರೆ ವೈರಿಂಗ್ ಶಾರ್ಟು. ಗಾಡಿ ಬಿಟ್ಟೋಗಿ, ನಾಳಿದ್ದು ನೋಡ್ತೀನಿ” ಅಂದರು. ನೋಡದೆಯೇ ಎರಡು ರೋಗ. ಸಿಟ್ಟು ಬಂತು, ಹಟವೂ ಬಂತು.

ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಮಣೆಯ ಮೇಲೆ ಬೆನ್ನಿಟ್ಟು, ತಲೆ ಪೆಡಲಿನ ಕೆಳಗೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದೆ. ಬ್ರೇಕ್ ಪೆಡಲಿನ ತೋಳಿನ ಮೇಲ್ಭಾಗದಲ್ಲಿ, ಎರಡು ವೈರು ಹೋದ ಹೆಬ್ಬೆರಳು ಗಾತ್ರದ ಸ್ವಿಚ್. ಅದರ ತುದಿಯಲ್ಲಿ ಪೆನ್ನಿನ ಗುಂಡಿಯಂಥ ಒಂದು ಕಡ್ಡಿ. ಸುಮ್ಮನಿರುವಾಗ ಪೆಡಲಿನ ತೋಳು ಈ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದಿರುತ್ತದೆ, ದೀಪ ಆರಿರುತ್ತದೆ. ಪೆಡಲ್ ತುಳಿದರೆ ತೋಳು ದೂರ ಸರಿದು ಕಡ್ಡಿ ಹೊರಗೆ ಬರುತ್ತದೆ, ದೀಪ ಹತ್ತುತ್ತದೆ. ಒತ್ತಿದರೆ ಆಫ್, ಬಿಟ್ಟರೆ ಆನ್. ಬಾಗಿಲು ತೆರೆದರೆ ಹತ್ತುವ ಫ್ರಿಜ್ಜಿನ ದೀಪದ ಹಾಗೆ.

ಫ್ಯೂಸನ್ನು ಮತ್ತೆ ಹಾಕಿ, ಮಗನನ್ನು ಕಾರಿನ ಹಿಂದೆ ನಿಲ್ಲಿಸಿದೆ. ಪೆಡಲನ್ನು ಕೈಯಿಂದ ಮೇಲಕ್ಕೆ ಎಳೆದೆ. “ಉರೀತಿದೆ” ಅಂದ. ಸ್ವಿಚ್ಚಿನ ಸಾಕೆಟ್ ಕಳಚಿದೆ. “ಆರ್ತು!” ಅಲ್ಲಿಗೆ ಹಿಂದಿನ ವೈರಿಂಗ್ ನಿರಪರಾಧಿ. ಸಾಕೆಟ್ ಸೇರಿಸಿ ಕಡ್ಡಿಯನ್ನು ಬೆರಳಿಂದ ಒತ್ತಿದೆ. “ಆರ್ತು!” ಬಿಟ್ಟೆ. “ಹತ್ಕಂತು!” ಹತ್ತು ಸಲ ಮಾಡಿದರೂ ಅದೇ. ಸ್ವಿಚ್ಚೂ ಸರಿಯಿದೆ. ಹಾಗಾದರೆ ತೋಳು ಯಾಕೆ ಒತ್ತುತ್ತಿಲ್ಲ?

ಟಾರ್ಚ್ ಓರೆ ಮಾಡಿದಾಗ ಕಂಡಿತು. ಕಡ್ಡಿ ತಾಗಬೇಕಾದ ಜಾಗದಲ್ಲೇ ತೋಳಿಗೊಂದು ದುಂಡನೆಯ ತೂತು. ಕಡ್ಡಿ ಅದರೊಳಗೆ ಸಲೀಸಾಗಿ ತೂರಿ ಆಚೆ ಇಣುಕುತ್ತಿದೆ. ತೂತಿನ ಅಂಚಿಗೆ ಬಿಳಿಚು ಬಣ್ಣದ ಏನೋ ಅಂಟಿಕೊಂಡಿತ್ತು, ಉಗುರು ತಾಗಿದ್ದೇ ಹಪ್ಪಳದ ಹಾಗೆ ಪುಡಿಯಾಯಿತು. ಆ ತೂತನ್ನು ಮುಚ್ಚಲು ಗುಂಡಿಯಂಥ ಒಂದು ಪ್ಲಾಸ್ಟಿಕ್ ಬಿಲ್ಲೆ ಇರಬೇಕಿತ್ತು. ಹತ್ತು ವರ್ಷದ ಬಿಸಿಗೆ ಗಡುಸಾಗಿ, ಚೂರಾಗಿ ಉದುರಿಹೋಗಿದೆ.

ಆಗ ನೆನಪಾಯಿತು. ಹೊರಡುವ ಮೊದಲು ಕಾರು ಗುಡಿಸುವಾಗ ಹೆಂಡತಿ ಮ್ಯಾಟಿನಿಂದ ಬಿಳಿ ಚೂರುಗಳನ್ನು ಬಾಚಿ, “ಕಾರಲ್ಲಿ ಪೆಪ್ಪರ್‌ಮೆಂಟ್ ಕಡಿಬೇಡ ಅಂತ ಎಷ್ಟು ಸಲ ಹೇಳಿದೀನಿ” ಎಂದು ಮಗನಿಗೆ ಗದರಿದ್ದಳು. ನಾನೂ ದನಿಗೂಡಿಸಿದ್ದೆ. ಅದು ಡ್ರೈವರ್ ಕಡೆಯ ಮ್ಯಾಟು, ಅವನು ಅಲ್ಲಿ ಯಾವತ್ತೂ ಕೂರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬಿಲ್ಲೆ ಸಾಗರದಲ್ಲಿ ಸಿಗಲಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ನಕ್ಕು, ಡಬ್ಬಿಯಿಂದ ಒಂದು ಗಿಡ್ಡ ಬೋಲ್ಟು, ನಟ್ಟು, ಎರಡು ವಾಷರ್ ತೆಗೆದುಕೊಟ್ಟರು. ದುಡ್ಡು ಬೇಡ ಅಂದರು. ಬೋಲ್ಟಿನ ತಲೆ ಸ್ವಿಚ್ಚಿನ ಕಡೆಗೆ ಬರುವಂತೆ ತೂತಿಗೆ ತೂರಿಸಿ ಬಿಗಿ ಮಾಡಿದೆ. ಹೇಳಲು ಒಂದು ಸಾಲು. ತಲೆಕೆಳಗಾಗಿ ಮಲಗಿ ಕೈಜಾರಿದ ನಟ್ಟನ್ನು ನಾಲ್ಕು ಸಲ ಹುಡುಕಿದ್ದು ಬೇರೆ ಕಥೆ. ಹಿಂದಿನಿಂದ “ಆರ್ತು” ಎಂಬ ಕೂಗು ಬಂತು. ಪೆಡಲ್ ಒತ್ತಿದೆ. “ಹತ್ಕಂತು.” ಆಮೇಲೆ ಅವನೇ ಮುಂದೆ ಬಂದು, ಪುಡಿಯಾಗಿದ್ದ ಚೂರನ್ನು ನನ್ನ ಅಂಗೈಯಿಂದ ಎತ್ತಿಕೊಂಡು ಅಮ್ಮನಿಗೆ ತೋರಿಸಲು ಒಳಗೆ ಓಡಿದ.

ಶಿವಮೊಗ್ಗಕ್ಕೆ ಹೇಳಿ ತರಿಸಿದ ಅಸಲಿ ಬಿಲ್ಲೆ ಎರಡು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲೇ ಇದೆ. ಮತ್ತೆ ಆ ಪೆಡಲಿನ ಕೆಳಗೆ ತಲೆ ತೂರಿಸಲು ನನಗೆ ಸೋಮಾರಿತನ. ಬ್ರೇಕಿನಿಂದ ಕಾಲು ತೆಗೆದಾಗಲೆಲ್ಲ ಬೋಲ್ಟು ಸ್ವಿಚ್ಚಿಗೆ ಬಡಿದು ಟಕ್ ಅನ್ನುತ್ತದೆ. ಹಿಂದಿನ ಸೀಟಿನಿಂದ ಮಗ ಪ್ರತಿ ಸಲ “ಆರ್ತು” ಅನ್ನುತ್ತಾನೆ.