ರಾತ್ರಿ 1:40ರ ಲಾಗಿನ್

ಶಿವಮೊಗ್ಗ, 12 ಜೂನ್ 2025, ಗುರುವಾರ

ವಿನೋಬನಗರದ ಮೇಷ್ಟ್ರ ಫೋನು, ಮನೆಯ ಕ್ಯಾಮರಾಗಳ ದೃಶ್ಯ ಉಳಿಸುವ ರೆಕಾರ್ಡರ್ ಪೆಟ್ಟಿಗೆ, ಅಂದರೆ ಡಿವಿಆರ್ ಬಗ್ಗೆ. "ನಮ್ಮ ಡಿವಿಆರ್ ಒಳಗೆ ಯಾರೋ ಸೇರ್ಕೊಂಡಿದ್ದಾರೆ ಮಾರಾಯ, ವೈರ್ ಕಿತ್ತು ಹಾಕ್ಲಾ?"

"ಕೀಳೋದಾದ್ರೆ ರೌಟರಿಂದ ಬಂದಿರೋ ನೆಟ್ ಕೇಬಲ್ ಒಂದೇ ಕೀಳಿ ಮೇಷ್ಟ್ರೇ. ಕರೆಂಟ್ ಮುಟ್ಟಬೇಡಿ, ರೀಸೆಟ್ಟಂತೂ ಬೇಡವೇ ಬೇಡ." ಎಲ್ಲರೂ ಮೊದಲು ಮಾಡುವುದೇ ರೀಸೆಟ್. ಯಾರು ಬಂದಿದ್ದರು ಎಂಬ ಗುರುತು ಅದರಲ್ಲೇ ತೊಳೆದುಹೋಗುತ್ತದೆ. ಬಂದುಹೋದವರ ದಾಖಲೆ, ಅಂದರೆ ಲಾಗ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿ, ಯೂಸರ್ ಪಟ್ಟಿಯ ಫೋಟೊ ತೆಗೆದುಕೊಂಡ ಮೇಲೆ ಬೇಕಾದ್ದು ಮಾಡಬಹುದು.

ಅವರ ದೂರುಗಳು ಒಂದೆರಡಲ್ಲ. ಕತ್ತಲಾಗುತ್ತಲೇ ಗೇಟಿನ ಕ್ಯಾಮರಾ ಟಿಕ್ ಅನ್ನುತ್ತದೆ. ಅದು ಲೆನ್ಸಿನ ಹಿಂದಿನ ಐಆರ್ ಕಟ್ ಫಿಲ್ಟರ್, ಅಂದರೆ ಕಣ್ಣಿಗೆ ಕಾಣದ ಅತಿಗೆಂಪು (ಐಆರ್) ಬೆಳಕನ್ನು ತಡೆಯುವ ಗಾಜು, ಪಕ್ಕಕ್ಕೆ ಸರಿಯುವ ಸದ್ದು. ಹಗಲಿಗೆ ಬೇಕು, ರಾತ್ರಿಗೆ ಬೇಡ. ಸಂಜೆಗೊಮ್ಮೆ, ಬೆಳಗಿಗೊಮ್ಮೆ ಬಂದರೆ ಸಹಜ. ರಾತ್ರಿಯಿಡೀ ಟಿಕ್ ಟಿಕ್ ಎನ್ನುತ್ತ ನಡುನಡುವೆ ಚಿತ್ರವೂ ಹೋಗಿ ಬಂದರೆ ವೋಲ್ಟೇಜ್ ನೋಡಬೇಕು. ಐಆರ್ ದೀಪ ಹೊತ್ತಿದ ಕೂಡಲೇ ಕ್ಯಾಮರಾ ಹೆಚ್ಚು ಕರೆಂಟ್ ಎಳೆಯುತ್ತದೆ, ತೆಳು ಕೇಬಲ್‌ನಲ್ಲಿ 12 ವೋಲ್ಟ್ ಇರಬೇಕಾದ್ದು ಕುಸಿಯುತ್ತದೆ, ಕ್ಯಾಮರಾ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮಲ್ಟಿಮೀಟರ್ ಹಿಡಿಯಬೇಕಾದ್ದು ಕ್ಯಾಮರಾ ತುದಿಯಲ್ಲಿ, ಅದೂ ರಾತ್ರಿ. ಹಗಲಲ್ಲಿ ಅಡಾಪ್ಟರ್ ಬಳಿ ಹಿಡಿದು "12 ಇದೆ ಸಾರ್" ಅನ್ನುವವರೇ ಜಾಸ್ತಿ.

ನಡುರಾತ್ರಿಯ ಬೀಪ್‌ಗೂ ಕಳ್ಳರಿಗೂ ಸಂಬಂಧ ಕಡಿಮೆ. ಅಡಾಪ್ಟರ್ ಸೊರಗಿದ್ದರೆ, ಕರೆಂಟ್ ಹೋಗಿ ಬಂದಾಗ ಹಾರ್ಡ್‌ಡಿಸ್ಕ್ ತಿರುಗಲು ಬೇಕಾದಷ್ಟು ಸಿಗುವುದಿಲ್ಲ. ಡಿಸ್ಕ್ ಕಾಣೆ, ಬೀಪ್ ಶುರು. ಅಡಾಪ್ಟರ್ ಬದಲಿಸಿದರೂ ನಿಲ್ಲದಿದ್ದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ 5 ಮತ್ತು 197 ಸಂಖ್ಯೆಯ ಸಾಲು ನೋಡಬೇಕು. ಅಲ್ಲಿನ ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ಲೆಕ್ಕ. ಬೇಕಾದ ದೃಶ್ಯ ಅಂದೇ ಇಳಿಸಿಕೊಳ್ಳಬೇಕು.

ಇನ್ನು ಆ 1:40. ಮೇಷ್ಟ್ರ ನಿದ್ದೆ ಕೆಡಿಸಿದ್ದು ಇದೇ.

"ದಿನಾ ರಾತ್ರಿ ಒಂದೂ ನಲವತ್ತು, ಒಂದೂ ಐವತ್ತು, ಹೀಗೆ ಲಾಗಿನ್ ಇದೆ ಕಣಯ್ಯ. ಆ ಹೊತ್ತಲ್ಲಿ ನಮ್ಮನೇಲಿ ಬೆಕ್ಕೂ ಎದ್ದಿರಲ್ಲ."

"ಸಂಜೆ ಏಳರ ರೆಕಾರ್ಡಿಂಗ್ ಒಂಬತ್ತೂವರೆಗೆ ಸಿಗುತ್ತೆ ಅಂದ್ರಲ್ಲ?"

"ಹೌದು, ಅದೂ ಒಂದು."

"ಟೈಮ್ ಝೋನ್ ಎಷ್ಟಿದೆ ನೋಡಿ."

ಜಿಎಂಟಿ+8. ಚೀನಾದ ಸಮಯ, ಕಾರ್ಖಾನೆಯಿಂದ ಬಂದದ್ದು ಹಾಗೇ ಉಳಿದಿದೆ. ನಮ್ಮದು +5:30, ವ್ಯತ್ಯಾಸ ಎರಡೂವರೆ ಗಂಟೆ. ಅಲ್ಲಿಗೆ 1:40 ಅಂದರೆ ನಮ್ಮ 11:10. ಬೆಂಗಳೂರಿನ ಮಗಳು ಮಲಗುವ ಮುಂಚೆ ಆ್ಯಪ್ ತೆರೆದು ಅಪ್ಪ ಗೇಟ್ ಚಿಲಕ ಹಾಕಿದ್ದಾರಾ ಅಂತ ನೋಡುವ ಹೊತ್ತು. ವಿಳಾಸದ ಜಾಗದಲ್ಲಿ 127.0.0.1 ಇತ್ತು, ಅಂದರೆ ಪೆಟ್ಟಿಗೆ ತನ್ನನ್ನೇ ಸೂಚಿಸುವ ವಿಳಾಸ. ಕ್ಲೌಡ್ ಆ್ಯಪ್ ಮೂಲಕ ಬಂದ ಲಾಗಿನ್ ಕೆಲವು ರೆಕಾರ್ಡರ್‌ಗಳಲ್ಲಿ ಹಾಗೇ ಕಾಣುತ್ತದೆ. ಮೇಷ್ಟ್ರು ನಕ್ಕರು. ಫೋನ್ ಇಡುವವರಿದ್ದರು.

ನಗುವಂಥದ್ದಲ್ಲದ ಇನ್ನೆರಡು ಅವರು ಕಳಿಸಿದ ಫೋಟೊಗಳಲ್ಲಿದ್ದವು. ಲಾಗ್‌ನ ತುಂಬ ವಿಫಲ ಲಾಗಿನ್‌ಗಳು, ಒಂದೊಂದೂ ಬೇರೆ ಬೇರೆ ಹೊರಗಿನ ವಿಳಾಸದಿಂದ. ಯೂಸರ್ ಪಟ್ಟಿಯಲ್ಲಿ ಅಡ್ಮಿನ್ ಕೆಳಗೆ ಇನ್ನೊಂದು ಹೆಸರು, ಅದಕ್ಕೆ ಪ್ಲೇಬ್ಯಾಕ್ ಅನುಮತಿಯೂ ಉಂಟು. ಹಾಕಿಹೋದ ಹುಡುಗನದ್ದಂತೆ, "ಸರ್ವಿಸ್‌ಗೆ ಅನುಕೂಲ" ಅಂದಿದ್ದನಂತೆ. ಊರಿನ ಅಷ್ಟೂ ಮನೆಗೆ ಒಂದೇ ಪಾಸ್‌ವರ್ಡ್ ಇಡುವ ಅನುಕೂಲ! ರೆಕಾರ್ಡರ್ ಅಡಿಯ ಸ್ಟಿಕ್ಕರ್‌ನಲ್ಲಿ ಸೀರಿಯಲ್ ನಂಬರ್, ಕ್ಯೂಆರ್, ಕೆಲವು ಕಂಪನಿಗಳದ್ದರಲ್ಲಿ ಆ್ಯಪ್‌ಗೆ ಸೇರಿಸಲು ಬೇಕಾದ ಪರಿಶೀಲನಾ ಕೋಡ್ ಕೂಡ ಇರುತ್ತದೆ. ಆ ಸ್ಟಿಕ್ಕರ್‌ನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ರಾಜಕೋಟ್‌ನ ಹೆರಿಗೆ ಆಸ್ಪತ್ರೆಯ ದೃಶ್ಯಗಳು ಮಾರಾಟವಾದದ್ದು 2025ರ ಫೆಬ್ರುವರಿಯಲ್ಲಿ ಬಯಲಾಯಿತು. 

ವಿಫಲ ಲಾಗಿನ್‌ಗಳ ಮೂಲ ರೌಟರ್‌ನಲ್ಲಿ. ಹೆಚ್ಚಿನ ರೌಟರ್‌ಗಳ ಸೆಟ್ಟಿಂಗ್ ಪುಟವಾದ 192.168.1.1 ತೆರೆದು, ಹೊರಗಿನವರಿಗೆ ಒಳಗಿನ ಸಾಧನದ ಬಾಗಿಲು (ಪೋರ್ಟ್) ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ಮತ್ತು ಸಾಧನಗಳೇ ಹಾಗೆ ತೆರೆದುಕೊಳ್ಳುವ ಯುಪಿಎನ್‌ಪಿ, ಎರಡೂ ಪುಟ ನೋಡಬೇಕು. 80, 554, 8000, 37777, 34567, ಈ ಸಂಖ್ಯೆಯ ಪೋರ್ಟ್‌ಗಳಲ್ಲಿ ಯಾವುದು ರೆಕಾರ್ಡರ್ ಕಡೆ ತೆರೆದಿದ್ದರೂ ಅಳಿಸಿ ಯುಪಿಎನ್‌ಪಿ ಆಫ್ ಮಾಡಬೇಕು. ಆ್ಯಪ್ ಕ್ಲೌಡ್ ಮೂಲಕ ನಡೆಯುವುದರಿಂದ ಇವು ಬೇಕಾಗಿಯೇ ಇಲ್ಲ. ರೌಟರ್‌ನ ವ್ಯಾನ್ ವಿಳಾಸ, ಅಂದರೆ ಹೊರಗಿನ ಕಡೆಯ ವಿಳಾಸ, 100.64ರಿಂದ 100.127ರೊಳಗೆ ಶುರುವಾದರೆ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಮನೆಗೆ ಹಂಚಿದೆ ಎಂದರ್ಥ. ಹೊರಗಿನಿಂದ ನೇರ ತಟ್ಟುವುದು ಕಷ್ಟ. ಮೇಷ್ಟ್ರದ್ದು ಹಾಗಿರಲಿಲ್ಲ, ಅವರದೇ ಸ್ವಂತ ವಿಳಾಸ, 8000 ಬಾಗಿಲು ತೆರೆದೇ ಇತ್ತು.

ತಟ್ಟುತ್ತಿರುವುದು ಮನುಷ್ಯರಲ್ಲ, ಯಂತ್ರಗಳು. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶ ಇಂಥ ರೆಕಾರ್ಡರ್, ಕ್ಯಾಮರಾಗಳನ್ನು ಹಿಡಿದದ್ದು ಅರವತ್ತು ಚಿಲ್ಲರೆ ಕಾರ್ಖಾನೆ ಪಾಸ್‌ವರ್ಡ್‌ಗಳಿಂದ. ಆ ಅಕ್ಟೋಬರ್ 21ರಂದು ಜಾಲತಾಣದ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡೈನ್ ಕಂಪನಿಯನ್ನು ಕೆಡವಿ ಅಮೆರಿಕದ ಎಷ್ಟೋ ದೊಡ್ಡ ಜಾಲತಾಣಗಳನ್ನು ತೊದಲಿಸಿತು. ಅದು ಮೆಮೊರಿಯಲ್ಲಷ್ಟೇ ಇರುವುದರಿಂದ ಆಫ್ ಮಾಡಿದರೆ ಹೋಗುತ್ತದೆ, ಬಾಗಿಲು ತೆರೆದೇ ಇದ್ದರೆ ನಿಮಿಷಗಳಲ್ಲಿ ವಾಪಸ್. ಹಿಡಿದಿದ್ದರೂ ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ. ಟಿಕ್ಕೂ ಇಲ್ಲ, ಬೀಪೂ ಇಲ್ಲ. ಎಲ್ಲರ ಆ್ಯಪ್ ಮುಚ್ಚಿಸಿ ರೌಟರ್‌ನಲ್ಲಿ ರೆಕಾರ್ಡರ್‌ನ ಅಪ್‌ಲೋಡ್ ನೋಡುವುದೊಂದೇ ಸುಲಭದ ಪರೀಕ್ಷೆ. ಕ್ಲೌಡ್‌ಗೆ "ಇದ್ದೇನೆ" ಎನ್ನುವ ಸಣ್ಣ ಮಾತು, ಗಡಿಯಾರ ಸರಿಮಾಡಲು 123ನೇ ಪೋರ್ಟ್‌ನಲ್ಲಿ ಒಂದಿಷ್ಟು, ಅಷ್ಟೇ ಇರಬೇಕು. ಯಾರೂ ನೋಡದಾಗಲೂ ಬಿಡದೆ ನೂರಾರು ಕೆಬಿಪಿಎಸ್ ಹೋಗುತ್ತಿದ್ದರೆ, ದೃಶ್ಯ ಯಾರಿಗೋ ಹರಿಯುತ್ತಿದೆ ಅಥವಾ ರೆಕಾರ್ಡರ್ ಬೇರೆಯವರ ಕೂಲಿ ಮಾಡುತ್ತಿದೆ.

ನಾಳೆಗೆ: ದೃಶ್ಯ ಇಳಿಸಿಕೊಳ್ಳುವುದು, ಫ್ಯಾಕ್ಟರಿ ರೀಸೆಟ್, ನೆಟ್ ಕೊಡುವ ಮೊದಲೇ ಹೊಸ ಪಾಸ್‌ವರ್ಡ್. ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ತಂತ್ರಾಂಶ) ಪೆನ್‌ಡ್ರೈವ್‌ನಿಂದ, ಸ್ಟಿಕ್ಕರ್‌ನ ಮಾಡೆಲ್ ಅಕ್ಷರ ಅಕ್ಷರ ಹೊಂದಿದರೆ ಮಾತ್ರ. ಒಂದು ಅಕ್ಷರ ತಪ್ಪಿದರೂ ಪೆಟ್ಟಿಗೆ ಕೆಲಸ ಮಾಡದ ಇಟ್ಟಿಗೆಯಾಗಬಹುದು. ಹುಡುಗನ ಆ್ಯಪ್ ಖಾತೆಯಿಂದ ಸಾಧನ ಬಿಡಿಸದೆ ರೀಸೆಟ್ ಮಾಡಿದರೆ ಕೆಲವು ಕಂಪನಿಗಳದ್ದರಲ್ಲಿ ಅದು ಇನ್ನೂ ಅವನದೇ ಆಗಿ ಉಳಿಯುತ್ತದೆ, ಹಾಗಾಗಿ ಮೊದಲು ಅದು. ಪರಿಶೀಲನಾ ಕೋಡ್ ಬದಲಿಸಲು ಬಂದರೆ ಅದನ್ನೂ. ಆಮೇಲೆ ರೆಕಾರ್ಡರ್‌ಗೆ ರೌಟರ್‌ನಲ್ಲಿ ಬೇರೆ ನೆಟ್‌ವರ್ಕ್ (ಕೇಬಲ್‌ಗೂ ಸಿಗುವುದಾದರೆ ಗೆಸ್ಟ್ ನೆಟ್‌ವರ್ಕ್), ಮನೆ ಲ್ಯಾಪ್‌ಟಾಪಿನ ಪಕ್ಕ ಬೇಡ.

ಒಂದು ಮಾತ್ರ ಫೋನಿನಲ್ಲಿ ಹೇಳಲಿಲ್ಲ. ಹಾಲ್‌ನ ಕ್ಯಾಮರಾಕ್ಕೆ ಮೈಕ್ ಇದೆ, ರೆಕಾರ್ಡಿಂಗ್ 'ವಿಡಿಯೊ ಮತ್ತು ಆಡಿಯೊ'ದಲ್ಲಿದೆ. ಅದನ್ನು ಬರೀ ವಿಡಿಯೊ ಮಾಡುವುದು ಅರ್ಧ ನಿಮಿಷದ ಕೆಲಸ. ಆದರೆ ಇಷ್ಟು ದಿನ ಆ ಹುಡುಗನ ಫೋನಿನಲ್ಲೂ ಅದು ಕೇಳಿಸುತ್ತಿತ್ತೋ ಏನೋ.