ಲವಂಗದೆಣ್ಣೆ, ಒಡೆದ ಹೂಕುಂಡ ಮತ್ತು ಒಂಬತ್ತು ಸೈಟು

ಹೋದ ಮಳೆಗಾಲದಲ್ಲಿ ದವಡೆ ಹಲ್ಲು ನೋಯೋಕೆ ಶುರುವಾದಾಗ ಅಮ್ಮ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಕೊಟ್ಟರು. ನಾಲಿಗೆ ಚುರ್ ಅಂತು, ನೋವು ಇಳೀತು, ಗಂಟೆ ಕಳೆಯೋ ಹೊತ್ತಿಗೆ ಮತ್ತೆ ಶುರು. ಮರುದಿನ ಹಲ್ಲಿನ ಡಾಕ್ಟ್ರು ಕೊರೆದು, ತಾತ್ಕಾಲಿಕ ಅಂತ ಬಿಳಿ ಪೇಸ್ಟ್ ಒಂದನ್ನು ತುಂಬಿ ಕಳಿಸಿದರು. ಅದಕ್ಕೂ ಲವಂಗದ್ದೇ ವಾಸನೆ! ಆದರೆ ಇದು ನಾಲ್ಕು ದಿನವಾದರೂ ಹೋಗಲಿಲ್ಲ.

ಎರಡರಲ್ಲೂ ಇದ್ದದ್ದು ಯೂಜಿನಾಲ್. ಲವಂಗದೆಣ್ಣೆಯಲ್ಲಿ ಮುಕ್ಕಾಲು ಪಾಲು ಅದೇ ಇರುತ್ತದೆ. ಡಾಕ್ಟ್ರು ಅದನ್ನು ಜಿಂಕ್ ಆಕ್ಸೈಡ್ ಪುಡಿ ಜೊತೆ ಕಲಸಿದ್ದರು. ಪೇಸ್ಟ್ ಗಟ್ಟಿಯಾಗುವಾಗ ಯೂಜಿನಾಲ್ ಸತುವನ್ನು ಹಿಡಿದುಕೊಂಡು ಕೂರುತ್ತದೆ, ಆಮೇಲೆ ತೇವ ತಾಗಿದ ಹಾಗೆಲ್ಲ ಚೂರು ಚೂರೇ ಬಿಡಿಸಿಕೊಂಡು ಹೊರಗೆ ಬರುತ್ತದೆ. ಹತ್ತಿಯಲ್ಲಿ ಹಿಡಿದುಕೊಳ್ಳೋರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ಲವಂಗ, ಓಂಕಾಳು, ಸಾಸಿವೆ ಇವಕ್ಕೆಲ್ಲ ಕ್ರಿಮಿ ಕೊಲ್ಲುವ ಗುಣ ಇದೆ ಅನ್ನೋದು ಹಳೇ ಸುದ್ದಿ. ಓಂಕಾಳಿನ ಥೈಮಾಲ್ ಆಗಲಿ ಯೂಜಿನಾಲ್ ಆಗಲಿ, ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಅದನ್ನು ಸಡಿಲ ಮಾಡುತ್ತವೆ, ಒಳಗಿದ್ದದ್ದು ಸೋರಿ ಹೋಗುತ್ತದೆ. ತೊಂದರೆ ಏನಂದ್ರೆ ಇವೆಲ್ಲ ಹಾರಿಹೋಗುವ ಜಾತಿ. ಮೊದಲ ದಿನ ಮೂಗು ಮುಚ್ಚಿಕೊಳ್ಳಬೇಕು, ಮೂರನೇ ದಿನ ಏನೂ ಇಲ್ಲ.

ಇದಕ್ಕೆ ಉಪಾಯ ತೂತು, ಅಂದ್ರೆ ಎಣ್ಣೆಯನ್ನು ಸಣ್ಣ ಸಣ್ಣ ತೂತುಗಳಲ್ಲಿ ಕೂರಿಸಿ ನಿಧಾನಕ್ಕೆ ಹೊರಗೆ ಬಿಡೋದು. ಸಣ್ಣ ತೂತು ಅಂದ್ರೆ ಎಷ್ಟು ಸಣ್ಣದು? ಎಂಎಸ್ಸಿಯಲ್ಲಿದ್ದಾಗ ಪ್ರಾಜೆಕ್ಟಿಗೆ ಎಂಸಿಎಂ-41 ಅನ್ನೋ ಸಿಲಿಕಾ (ಮರಳಿನಲ್ಲಿರೋ ವಸ್ತುವೇ) ಪುಡಿ ಮಾಡಿದ್ದೆ. 1992ರಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು ಪ್ರಕಟಿಸಿದ ವಸ್ತು ಅದು. ಸೋಪಿನಂಥ ಒಂದು ರಾಸಾಯನಿಕವನ್ನು ನೀರಿಗೆ ಹಾಕಿದರೆ ಅದರ ಕಣಗಳು ಒಟ್ಟುಗೂಡಿ ಕಡ್ಡಿ ಕಡ್ಡಿ ಆಗುತ್ತವೆ, ಆ ಕಡ್ಡಿಗಳ ಸುತ್ತ ಸಿಲಿಕಾ ಗಟ್ಟಿಯಾಗುತ್ತದೆ, ಆಮೇಲೆ 550 ಡಿಗ್ರಿ ಕುಲುಮೆಯಲ್ಲಿ ಸೋಪನ್ನೆಲ್ಲ ಸುಟ್ಟರೆ ಕಡ್ಡಿ ಇದ್ದ ಜಾಗದಲ್ಲಿ ಜೇನುಗೂಡಿನ ಹಾಗೆ ಸಾಲು ಸಾಲು ತೂತು ಉಳಿಯುತ್ತದೆ. ಮೇಣದ ಅಚ್ಚು ಕರಗಿಸಿ ಕಂಚಿನ ವಿಗ್ರಹ ಎರಕ ಹೊಯ್ಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಲ್ಯಾಬ್ ತುಂಬ ಅಮೋನಿಯಾ ನಾತ, ಕೊನೆಗೆ ಸಿಕ್ಕಿದ್ದು ಟಾಲ್ಕಂ ಪೌಡರಿಗಿಂತ ಹಗುರವಾದ ಒಂದು ಚಮಚ ಪುಡಿ. ಆದರೆ ಅದರ ಒಂದು ಗ್ರಾಮಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್. ಅಂದ್ರೆ ಒಂಬತ್ತು ಥರ್ಟಿ-ಫಾರ್ಟಿ ಸೈಟು!

ತೂತಿನ ಅಗಲ 2ರಿಂದ 4 ನ್ಯಾನೋಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಯೂಜಿನಾಲ್ ಕಣ ಸುಮಾರು 1 ನ್ಯಾನೋಮೀಟರ್, ಹಾಗಾಗಿ ಒಳಗೆ ಹೋಗುತ್ತದೆ, ಆದರೆ ಗೋಡೆಗೆ ಮೈ ತಾಗಿಸದೆ ಓಡಾಡೋಕಾಗಲ್ಲ. ಬ್ಯಾಕ್ಟೀರಿಯಾ ಸುಮಾರು 1000 ನ್ಯಾನೋಮೀಟರ್, ಅದಕ್ಕೆ ಒಳಗೆ ಪ್ರವೇಶವೇ ಇಲ್ಲ.

ನನಗೆ ತುಂಬಾ ಇಷ್ಟವಾಗುವ ಭಾಗ ಮುಂದಿನದು. ಎಣ್ಣೆಯ ಕಣ ಸಿಲಿಕಾ ಗೋಡೆಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ನೀರಿನ ಕಣಗಳು ಒಳಗೆ ಬಂದು ಆ ಸೀಟು ಹಿಡಿಯುತ್ತವೆ. ಗೋಡೆಗೆ ಎಣ್ಣೆಗಿಂತ ನೀರೇ ಇಷ್ಟ, ಎಣ್ಣೆ ಹೊರಗೆ ಬರಲೇಬೇಕು. ಕ್ರಿಮಿ ಬೆಳೆಯೋದೂ ತೇವದಲ್ಲೇ, ಮದ್ದು ಹೊರಡೋದೂ ತೇವದಲ್ಲೇ! ಆದರೆ ತೂತಿನೊಳಗೆ ಹೋಗದೆ ಪುಡಿಯ ಹೊರಮೈಗೆ ಮೆತ್ತಿಕೊಂಡ ಎಣ್ಣೆ ಇರುತ್ತದಲ್ಲ, ಅದು ಮೊದಲ ದಿನವೇ ಒಟ್ಟಿಗೆ ಹೊರಬಿದ್ದು ಇಡೀ ಲೆಕ್ಕ ಕೆಡಿಸುತ್ತದೆ.

ಮನೆಯಲ್ಲಿ ಎಂಸಿಎಂ-41 ಎಲ್ಲಿಂದ ಬರಬೇಕು? ಸುಮ್ನೆ ಇರಲಾರದೆ ಒಡೆದ ಹೂಕುಂಡದ ಎರಡು ಚೂರು ತೊಳೆದು ಒಣಗಿಸಿ, ಒಂದಕ್ಕೆ ನಾಲ್ಕು ಹನಿ ಲವಂಗದೆಣ್ಣೆ ಕುಡಿಸಿ ಬ್ರೆಡ್ ಡಬ್ಬದಲ್ಲಿಟ್ಟೆ. ಇನ್ನೊಂದನ್ನು ಹಾಗೇ ಬೇರೆ ಡಬ್ಬದಲ್ಲಿ. ಎಣ್ಣೆ ಹಾಕಿದ ಜಾಗ ಕ್ಷಣದಲ್ಲಿ ಹೀರಿ ಕಪ್ಪು ಕಲೆ ಆಯ್ತು. ಮಳೆಗಾಲ ಬೇರೆ, ಬರೀ ಚೂರಿನ ಡಬ್ಬದ ಬ್ರೆಡ್ಡಿಗೆ ನಾಲ್ಕನೇ ದಿನ ಹಸಿರು ಬೂಷ್ಟು. ಲವಂಗದ್ದಕ್ಕೆ ಏಳನೇ ದಿನವೂ ಇಲ್ಲ. (ಬೂಷ್ಟು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ, ಗೊತ್ತು. ಒಂದೇ ಸಲ ಮಾಡಿದ್ದು, ಇದನ್ನು ಪ್ರಯೋಗ ಅಂತ ಕರೆಯೋಕೂ ನಾಚಿಕೆ.) ಆದರೂ ಹೂಕುಂಡದ ತೂತು ಯೂಜಿನಾಲಿಗೆ ಊರಬಾಗಿಲಿನಷ್ಟು ದೊಡ್ಡದು. ಹತ್ತನೇ ದಿನಕ್ಕೆ ಚೂರು ಮೂಸಿದರೆ ಬರೀ ಮಣ್ಣಿನ ವಾಸನೆ.

ಇನ್ನೊಂದು ವಿಷಯ. ಆ ಬ್ರೆಡ್ ಚೆನ್ನಾಗೇನೋ ಇತ್ತು, ತಿನ್ನೋಕಾಗಲಿಲ್ಲ. ಗಸಗಸೆ ಪಾಯಸದಲ್ಲಿ ಲವಂಗ ಡಬ್ಬ ಉರುಳಿದ ಹಾಗೆ. ತಿಂಡಿ ಕೆಡದಿರಲಿ ಅಂತ ಇಂಥ ಎಣ್ಣೆ ಸೇರಿಸಿ ಪ್ಯಾಕಿಂಗ್ ಮಾಡೋರಿಗೂ ಇದೇ ತಲೆನೋವು, ಕ್ರಿಮಿ ಸಾಯುವಷ್ಟು ಹಾಕಿದರೆ ರುಚಿ ಕೆಡುತ್ತದೆ, ರುಚಿ ಉಳಿಸಿದರೆ ಕ್ರಿಮಿ ಉಳಿಯುತ್ತದೆ. ‘ನೈಸರ್ಗಿಕ’ ಅಂತ ಲೇಬಲ್ ಹಚ್ಚಿದ ಕೂಡಲೇ ಮೃದು ಅಂದುಕೊಳ್ಳಬೇಡಿ. ಅಪ್ಪಟ ಲವಂಗದೆಣ್ಣೆ ನನ್ನ ಒಸಡನ್ನೇ ಸುಟ್ಟಿತ್ತು.

ಎರಡನೇ ಸಲ ಮಾಡೋಣ ಅಂತ ಮೊನ್ನೆ ಆ ಚೂರು ಹುಡುಕಿದೆ, ಸಿಗಲಿಲ್ಲ. ಅಮ್ಮ ಅದನ್ನು ತುಳಸಿ ಕುಂಡದ ತಳಕ್ಕೆ ಹಾಕಿ ಮಣ್ಣು ತುಂಬಿದ್ದಾರೆ. “ಒಡೆದ ಕುಂಡ ಅಲ್ವೇನೋ, ನೀರು ಬಸಿಯೋಕೆ ಬೇಕಿತ್ತು” ಅಂದರು.