ಯಾರೂ ನೋಡ್ತಿಲ್ಲ, ಹೋಗೋ

"ಯಾರೂ ನೋಡ್ತಿಲ್ಲ, ಹೋಗೋ."

ಶನಿವಾರದಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ, ಲಿಥುವೇನಿಯಾದ ನಿದಾ ಅನ್ನುವ ಪುಟ್ಟ ಊರಿನ ಮರಳುಗುಡ್ಡದ ಮೇಲೆ, ಅಚ್ಚ ಕನ್ನಡದಲ್ಲಿ ಕೇಳಿದ ಮಾತು ಇದು. ಹೇಳಿದ್ದು ಒಬ್ಬ ಅಪ್ಪ, ಒಂಬತ್ತೋ ಹತ್ತೋ ವರ್ಷದ ಮಗನಿಗೆ. ಹುಡುಗನ ಮುಂದೆ ಹಗ್ಗ ಕಟ್ಟಿತ್ತು. ಪಕ್ಕದ ಫಲಕದಲ್ಲಿ ನಡೆಯುವ ಮನುಷ್ಯನ ಚಿತ್ರ, ಅದರ ಮೇಲೆ ಕೆಂಪು ಗೆರೆ. ಹುಡುಗನಿಗೆ ಅದು ಚೆನ್ನಾಗಿ ಅರ್ಥವಾಗಿತ್ತು. ಅದಕ್ಕೇ ನಿಂತು ಅಪ್ಪನ ಮುಖ ನೋಡುತ್ತಿದ್ದ.

ನಾನು ಕೆಲಸಕ್ಕೆಂದು ವಿಲ್ನಿಯಸ್‌ನಲ್ಲಿ ಇರುವವಳು. ಇಲ್ಲಿ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಬಿದ್ದರೆ ಎಲ್ಲಿದ್ದರೂ ಓಡಿಹೋಗಿ ಮಾತಾಡಿಸಬೇಕು ಅನ್ನಿಸುತ್ತೆ. ಅವತ್ತು ಓಡಿಹೋದದ್ದು ಬೇರೆ ಕಾರಣಕ್ಕೆ.

"ಸರ್, ಅಲ್ಲಿ ಇಳಿಯಬಾರದು. ಮರಳು ಜಾರುತ್ತೆ" ಅಂದೆ.

ಅವರು ತಿರುಗಿ ನೋಡಿದರು. ಮುಖ ಅರಳಿತು. "ಅರೆ, ಕನ್ನಡದವರಾ! ಯಾವೂರು ಮೇಡಂ ನಿಮ್ದು?"

ಕುಂದಾಪುರದ ಹತ್ತಿರ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಹಗ್ಗದ ಕೆಳಗೆ ನುಸುಳಿ ಆಗಿತ್ತು. ಕೂತು ಜಾರಿದ. ಅವನ ಹಿಂದೆ ಮರಳು ಹಾಳೆಯಂತೆ ಕೆಳಗಿಳಿಯಿತು. ದಿಬ್ಬದ ಅಂಚಿಗೆ ಪೈನ್ ರೆಂಬೆಗಳನ್ನು ಸಾಲಾಗಿ ಊರಿ ಗಿಡ್ಡ ಬೇಲಿ ಮಾಡಿದ್ದರು. ಅದರಲ್ಲಿ ಒಂದು ಮಾರಿನಷ್ಟು ಕಿತ್ತು ಅವನ ಜೊತೆಗೇ ಹೋಯಿತು.

"ಬರೀ ಮರಳು ಅಲ್ವಾ ಮೇಡಂ, ಏನಾಗುತ್ತೆ?" ಅಂದರು ಅಪ್ಪ.

ಅವರು ಕೆಟ್ಟವರೇನಲ್ಲ. ಅದನ್ನು ಹೇಳಲೇಬೇಕು. ಜರ್ಮನಿಯಲ್ಲಿ ಕೆಲಸ, ಬೇಸಿಗೆ ರಜೆಗೆ ಕಾರು ಓಡಿಸಿಕೊಂಡು ಬಂದಿದ್ದರು. ಅವರ ಹೆಂಡತಿ ಕೋಡುಬಳೆ ಡಬ್ಬಿ ತೆಗೆದು ಬಲವಂತ ಮಾಡಿ ಕೊಟ್ಟರು. ಪ್ರೀತಿಯ ಜನ. ಆದರೂ ಆ ಮಾತು ನನಗೆ ಸಹಿಸಲಾಗಲಿಲ್ಲ. ಯಾಕೆಂದರೆ ಆ ಮರಳು ಬರೀ ಮರಳಲ್ಲ ಅನ್ನುವುದು ನಿದಾಕ್ಕೆ ಹೋಗಿಬರುತ್ತಾ ನನಗೆ ನಿಧಾನಕ್ಕೆ ತಿಳಿದ ವಿಷಯ.

ಈ ಜಾಗವೇ ವಿಚಿತ್ರ. ಕುರ್ಶಿಯು ಅನ್ನುವ ಮರಳಿನ ಪಟ್ಟಿ 98 ಕಿಲೋಮೀಟರ್ ಉದ್ದ. ಅಗಲ ಎಲ್ಲೂ ನಾಲ್ಕು ಕಿಲೋಮೀಟರ್ ದಾಟುವುದಿಲ್ಲ. ತೀರಾ ಸಣಕಲಾದ ಕಡೆ 400 ಮೀಟರ್ ಇದ್ದರೆ ಹೆಚ್ಚು. ಒಂದು ಮಗ್ಗುಲಲ್ಲಿ ಬಾಲ್ಟಿಕ್ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ನೆಮುನಾಸ್ ನದಿ ತಂದು ಸುರಿಯುವ ಸಿಹಿನೀರಿನ ದೊಡ್ಡ ಹಿನ್ನೀರು. ಉತ್ತರದ 52 ಕಿಲೋಮೀಟರ್ ಲಿಥುವೇನಿಯಾದ್ದು, ಉಳಿದದ್ದು ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತ್ಯದ್ದು. ಕ್ಲೈಪೆಡಾದಲ್ಲಿ ಫೆರಿ ಹತ್ತಿ ಆಚೆ ದಡ ಸೇರಿ, ಕಾಡಿನ ನಡುವೆ ಸುಮಾರು 50 ಕಿಲೋಮೀಟರ್ ಬಂದರೆ ನಿದಾ. ಅದಾದ ಮೇಲೆ ಗಡಿ. ನಾವು ನಿಂತಿದ್ದ ಪಾರ್ನಿಡಿಸ್ ಗುಡ್ಡ 52 ಮೀಟರ್ ಎತ್ತರದ್ದು. ಅದರ ನೆತ್ತಿಯಿಂದ ನೋಡಿದರೆ ರಷ್ಯಾದ ಕಡೆಗೂ ಅದೇ ಬಣ್ಣದ ಮರಳು ಹಾಗೇ ಮುಂದುವರಿಯುತ್ತದೆ.

ಈ ಪಟ್ಟಿಯಲ್ಲಿ ಮೊದಲು ದಟ್ಟ ಕಾಡಿತ್ತು. ಜನ ಕಡಿದರು. ಮನೆಗೆ, ದೋಣಿಗೆ, ಹಡಗಿಗೆ, ಒಲೆಗೆ. ದನ ಬಿಟ್ಟು ಮೇಯಿಸಿದರು. ಏಳು ವರ್ಷಗಳ ಯುದ್ಧದ ಕಾಲದಲ್ಲಿ (1756–63) ರಷ್ಯಾದ ಸೈನ್ಯವೂ ಬಂದು ಕಡಿಯಿತು ಅನ್ನುತ್ತಾರೆ. ಒಬ್ಬೊಬ್ಬರೂ ಕಡಿದದ್ದು ಒಂದೆರಡು ಮರ ಇರಬಹುದು. ಬೇರು ಹೋದ ಮೇಲೆ ಮರಳನ್ನು ಹಿಡಿಯುವವರೇ ಇಲ್ಲ. ಪಶ್ಚಿಮದ ಗಾಳಿ ಅದನ್ನು ಎತ್ತಿ ಎತ್ತಿ ಹಿನ್ನೀರಿನ ಕಡೆಗೆ ತಳ್ಳಿತು. ಗುಡ್ಡಗಳು ವರ್ಷಕ್ಕೆ ಕೆಲವು ಮೀಟರ್ ನಡೆದವು. ದಾರಿಯಲ್ಲಿ ಸಿಕ್ಕ ಹೊಲ, ಬಾವಿ, ಚರ್ಚು, ಸ್ಮಶಾನ ಎಲ್ಲ ಮುಚ್ಚಿದವು. ಹಾಗೆ ಹೂತುಹೋದ ಹಳ್ಳಿಗಳು 14 ಅಂತ ಲೆಕ್ಕ. ಕರ್ವೈಚೈ ಅನ್ನುವ ಹಳ್ಳಿಯನ್ನು ಜನ ಕೊನೆಗೆ 1797ರಲ್ಲಿ ಬಿಟ್ಟು ಹೋದರು. 1776ರಲ್ಲಿ ಅಲ್ಲಿ ಹುಟ್ಟಿದ ಲ್ಯುದ್ವಿಕಾಸ್ ರೇಜಾ ಮುಂದೆ ಕೋನಿಗ್ಸ್‌ಬರ್ಗ್‌ನಲ್ಲಿ, ಅಂದರೆ ಈಗಿನ ಕಲಿನಿನ್‌ಗ್ರಾದ್ ನಗರದಲ್ಲಿ ಪ್ರೊಫೆಸರ್ ಆದರು. ಅವರು ಇಪ್ಪತ್ತು ದಾಟುವ ಹೊತ್ತಿಗೆ ತೋರಿಸೋಕೆ ಹುಟ್ಟೂರೇ ಉಳಿದಿರಲಿಲ್ಲ.

ನಿದಾ ಕೂಡ ಈಗಿರುವ ಜಾಗದಲ್ಲಿ ಇರಲಿಲ್ಲ. ಹಳೇ ನಿದಾ ಇನ್ನೂ ದಕ್ಷಿಣಕ್ಕಿತ್ತು. ಮರಳು ಬೆನ್ನು ಹತ್ತಿದ್ದಕ್ಕೆ 18ನೇ ಶತಮಾನದಲ್ಲಿ ಊರಿಗೆ ಊರೇ ಈ ಕಡೆ ಸರಿಯಿತು. ಹೊಲ ಹೋದ ಮೇಲೆ ಜನಕ್ಕೆ ಉಳಿದದ್ದು ಮೀನು ಮಾತ್ರ. ಅದೂ ಸಾಲದಾದಾಗ ವಲಸೆ ಬರುವ ಕಾಗೆಗಳನ್ನು ಬಲೆ ಹಾಕಿ ಹಿಡಿದು, ಉಪ್ಪು ಹಾಕಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಕೆಲವರು ಇದನ್ನು ಪ್ರವಾಸಿಗರಿಗೆ ನಗಿಸುವ ಕಥೆಯ ಹಾಗೆ ಹೇಳುತ್ತಾರೆ. ನನಗದು ಇಷ್ಟವಾಗುವುದಿಲ್ಲ. ಹಸಿವಿನ ಕಥೆಯಲ್ಲಿ ನಗೋದು ಏನಿದೆ?

ಮತ್ತೆ ಆ ಗುಡ್ಡಕ್ಕೇ ಬರುತ್ತೇನೆ.

ಹಸಿರು ಜಾಕೆಟ್ ಹಾಕಿದ ಒಬ್ಬ ಹೆಂಗಸು ಮರದ ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿರಬೇಕು. ಬೈಯುತ್ತಾರೆ ಅಂತ ನಾನು ಕಾಯುತ್ತಿದ್ದೆ. ಬೈಯಲಿಲ್ಲ. ಹುಡುಗನಿಗೆ ಕೈ ಸನ್ನೆ ಮಾಡಿ ಯಾವ ಕಡೆಯಿಂದ ಹತ್ತಿದರೆ ಕಡಿಮೆ ಜಾರುತ್ತದೆ ಅಂತ ತೋರಿಸಿದರು. ಅವನು ಮೇಲೆ ಬಂದ ಮೇಲೆ ಹಗ್ಗ ದಾಟಿ, ಅಂಚಿನಲ್ಲಿ ಮಂಡಿಯೂರಿ, ಉಳಿದ ರೆಂಬೆಗಳನ್ನು ಒಂದೊಂದಾಗಿ ಎತ್ತಿ ಮರಳಲ್ಲಿ ಮತ್ತೆ ಊರತೊಡಗಿದರು. ಪ್ರತಿ ರೆಂಬೆಯನ್ನೂ ಎರಡು ಕೈಯಲ್ಲಿ ಒತ್ತಿ, ಬುಡಕ್ಕೆ ಮರಳು ಎಳೆದು, ಅಲುಗುತ್ತಾ ಅಂತ ನೋಡಿ ಮುಂದಿನದಕ್ಕೆ ಹೋಗುತ್ತಿದ್ದರು. ಅವಸರವೇ ಇಲ್ಲ.

ನನಗೆ ಬರುವ ಅಷ್ಟಿಷ್ಟು ಲಿಥುವೇನಿಯನ್‌ನಲ್ಲಿ, "ಇದು ನಿಲ್ಲುತ್ತಾ?" ಅಂತ ಕೇಳಿದೆ.

"ಕೆಲವು ದಿನ. ಆಮೇಲೆ ಇನ್ನೊಂದು ಸಲ ಮಾಡ್ತೀವಿ" ಅಂದರು.

ಅಷ್ಟೇ. ಇನ್ನೊಂದು ಸಲ ಮಾಡ್ತೀವಿ.

ಆ ರೆಂಬೆ ಊರುವ ಕೆಲಸಕ್ಕೆ ಇಲ್ಲಿ ಇನ್ನೂರು ವರ್ಷದ ಚರಿತ್ರೆ ಇದೆ. ಆಗ ಈ ಪಟ್ಟಿಯ ಮೇಲೇ ಕೋನಿಗ್ಸ್‌ಬರ್ಗ್‌ನಿಂದ ಮೆಮೆಲ್‌ಗೆ, ಅಂದರೆ ಈಗಿನ ಕ್ಲೈಪೆಡಾಕ್ಕೆ ಅಂಚೆ ದಾರಿ ಹೋಗುತ್ತಿತ್ತು. ನಿದಾದ ಅಂಚೆ ನಿಲ್ದಾಣ ನೋಡಿಕೊಳ್ಳುತ್ತಿದ್ದ ಕುವೆರ್ಟ್ ಅನ್ನುವ ಮನುಷ್ಯ ಊರಿನ ಸುತ್ತ ಗಿಡ ನೆಡಲು ಶುರು ಮಾಡಿದ. ಆಮೇಲೆ ಸರ್ಕಾರವೇ ಕೈ ಹಾಕಿತು. ಸಮುದ್ರದ ಕಡೆ ರೆಂಬೆಗಳ ಬೇಲಿ ಸಾಲಾಗಿ ಹಾಕೋದು, ಗಾಳಿ ತರುವ ಮರಳು ಅಲ್ಲೇ ಬಿದ್ದು ಉದ್ದನೆಯ ಏರಿ ಆಗೋದು. ಆ ಏರಿಯ ಹಿಂದೆ ದೊಡ್ಡ ಗುಡ್ಡಗಳ ಮೇಲೆ ರೆಂಬೆಯಿಂದ ಚೌಕ ಚೌಕ ಮಾಡಿ, ಒಳಗೆ ಮಣ್ಣು ಹಾಕಿ ಕುಳ್ಳ ಜಾತಿಯ ಬೆಟ್ಟದ ಪೈನ್ ನೆಡೋದು. ಮುರಿದರೆ ಮತ್ತೆ ಹಾಕೋದು. ಫ್ರಾಂತ್ಸ್ ಎಫಾ ಅನ್ನುವ ಮರಳುಗುಡ್ಡಗಳ ಅಧಿಕಾರಿ ತನ್ನ ಬಾಳಿನ ಹೆಚ್ಚಿನ ಭಾಗವನ್ನು ಇದಕ್ಕೇ ಕೊಟ್ಟ. ಅವನು ನಿಲ್ಲಿಸಿದ ಗುಡ್ಡದಿಂದಾಗಿ ಉಳಿದ ಒಂದು ಹಳ್ಳಿ ಈಗ ಗಡಿಯಾಚೆ ಇದೆ, ಹೆಸರು ಮೊರ್ಸ್ಕೊಯೆ. ಆ ಗುಡ್ಡವನ್ನು ಇವತ್ತಿಗೂ ಎಫಾನ ಹೆಸರಿನಿಂದಲೇ ಕರೆಯುತ್ತಾರೆ.

ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೇ. ಅಂಚೆ ಬಂಡಿ ಬಂದು ಹೋದ ಮೇಲೆ, ಇಬ್ಬನಿಯಲ್ಲಿ ಒಬ್ಬನೇ ನಿಂತು ಗಿಡ ನೆಡುತ್ತಿದ್ದವನನ್ನು ಯಾರು ನೋಡುತ್ತಿದ್ದರು? ಮರ ದೊಡ್ಡದಾಗುವುದನ್ನು ಅವನೂ ನೋಡುವುದು ಅನುಮಾನ. ಕಡಿದವರೂ "ಯಾರೂ ನೋಡ್ತಿಲ್ಲ" ಅಂತಲೇ ಕಡಿದರು. ನೆಟ್ಟವರೂ ಯಾರೂ ನೋಡದಾಗಲೇ ನೆಟ್ಟರು. ಒಂದೇ ಜಾಗದಲ್ಲಿ ಎರಡೂ ನಡೆದಿದೆ.

ಹಾಗಂತ ಕಾವಲೇ ಬೇಡ ಅಂತ ನಾನು ಹೇಳುವುದಿಲ್ಲ. ಈ ಹಿನ್ನೀರಿನಲ್ಲೇ ಅದಕ್ಕೊಂದು ಉದಾಹರಣೆ ಇದೆ. ಕದ್ದು ಮೀನು ಹಿಡಿಯುವುದು ಜಾಸ್ತಿ ಆದಾಗ, 1844ರಲ್ಲಿ ಬೇರ್‌ಬೋಮ್ ಅನ್ನುವ ಮೀನುಗಾರಿಕೆ ಇನ್ಸ್‌ಪೆಕ್ಟರ್ ಒಂದು ನಿಯಮ ತಂದ. ಪ್ರತಿ ದೋಣಿಯ ಕಂಬದ ತುದಿಗೂ ತನ್ನ ಹಳ್ಳಿಯ ಗುರುತಿನ ಬಾವುಟ ಇರಬೇಕು. ಮರಳಪಟ್ಟಿಯ ಹಳ್ಳಿಗಳಿಗೆ ಕಪ್ಪು ಬಿಳಿ, ಎದುರು ದಡದವರಿಗೆ ಕೆಂಪು ಬಿಳಿ, ದಕ್ಷಿಣದ ದಡಕ್ಕೆ ಹಳದಿ ನೀಲಿ. ದೂರದಿಂದಲೇ ಯಾವ ಊರಿನ ದೋಣಿ ಅಂತ ಗೊತ್ತಾಗಬೇಕು. ಪಕ್ಕಾ ಪೊಲೀಸ್ ಬುದ್ಧಿ. ಆದರೆ ಮೀನುಗಾರರು ಆ ಬಾವುಟದ ಸುತ್ತ ಮರದಲ್ಲಿ ಕೆತ್ತನೆ ಶುರು ಮಾಡಿದರು. ಮನೆ, ಚರ್ಚು, ಹೆಂಡತಿ ಮಕ್ಕಳು, ಎಲ್ಲವನ್ನೂ ಕಂಬದ ತುದಿಗೆ ಏರಿಸಿದರು. ಈಗ ನಿದಾದ ಬಂದರಿನ ತುಂಬ ಅವೇ. ಅಂಗಡಿಗಳಲ್ಲಿ ಅವುಗಳ ಪುಟ್ಟ ಮಾದರಿ ಕೊಳ್ಳದೆ ಬರುವವರು ಕಡಿಮೆ. ಕಾವಲಿಗೆಂದು ಹಾಕಿಸಿದ್ದನ್ನು ಆ ಬಡವರು ಹೆಮ್ಮೆಯ ವಸ್ತು ಮಾಡಿಕೊಂಡ ರೀತಿ ನನಗೆ ತುಂಬ ದೊಡ್ಡದು ಅನ್ನಿಸುತ್ತದೆ.

ಆ ಬಾವುಟ ಕೆತ್ತಿದವರ ಮಕ್ಕಳು ಮೊಮ್ಮಕ್ಕಳು ಈಗ ಇಲ್ಲಿ ಬಹುತೇಕ ಇಲ್ಲ. ಮೊದಲು ಜರ್ಮನಿಯದ್ದಾಗಿದ್ದ ಊರು 1923ರಲ್ಲಿ ಲಿಥುವೇನಿಯಾಕ್ಕೆ ಬಂತು, 1939ರಲ್ಲಿ ಮತ್ತೆ ಜರ್ಮನಿಗೆ ಹೋಯಿತು. ಯುದ್ಧದ ಕೊನೆಗೆ ಜನ ಮನೆ ಬಿಟ್ಟು ಓಡಿದರು. ಖಾಲಿ ಮನೆಗಳಿಗೆ ಬೇರೆ ಕಡೆಯ ಜನ ಬಂದು ಸೇರಿದರು. ಚರ್ಚಿನ ಹಿಂದಿನ ಹಳೇ ಸ್ಮಶಾನದಲ್ಲಿ ಮರದ ಹಲಗೆಯ ಗುರುತುಗಳಿವೆ. ಹಕ್ಕಿ, ಗಿಡ, ಕಪ್ಪೆಯ ಆಕಾರದವು. ಅವನ್ನು ತಲೆಯ ಕಡೆ ನೆಡದೆ ಕಾಲಿನ ಕಡೆ ನೆಡುತ್ತಿದ್ದರು. ಸೋವಿಯತ್ ಕಾಲದಲ್ಲಿ ಅವು ಕೊಳೆತು ಬೀಳುತ್ತಿದ್ದಾಗ, ಎದುವಾರ್ದಾಸ್ ಯೊನುಶಾಸ್ ಅನ್ನುವ ಕಲಾವಿದರು ಮತ್ತೆ ಕೆತ್ತಿ ನಿಲ್ಲಿಸಿದರು. ಹೊರಗಿಂದ ಬಂದು ನೆಲೆಸಿದವರು ಅವರು. ಅಲ್ಲಿ ಮಲಗಿದವರು ಅವರ ಬಂಧುಗಳಲ್ಲ.

ನಮ್ಮ ಕರಾವಳಿಯಲ್ಲೂ ದಂಡೆಯ ಮರಳಿಗೆ ಗಾಳಿಮರ ನೆಟ್ಟಿದ್ದಾರೆ. ಚಿಕ್ಕಂದಿನಲ್ಲಿ ಅದರ ಕೆಳಗೆ ಆಡಿದ್ದೇನೆ. ಯಾರು ನೆಟ್ಟರು ಅಂತ ಒಂದು ದಿನವೂ ಯಾರೂ ಹೇಳಿರಲಿಲ್ಲ. ಅರಣ್ಯ ಇಲಾಖೆಯ ಯಾವ ಗಾರ್ಡು, ಯಾವ ಕೂಲಿ ಹೆಂಗಸರು ಬಿಸಿಲಲ್ಲಿ ನೀರು ಹೊತ್ತರೋ. ನಮ್ಮಲ್ಲಿ ಕಲ್ಲು ಸುರಿದ ತಡೆಗೋಡೆಯ ಮುಂದೆ ಫೋಟೋ ತೆಗೆಸಿಕೊಂಡವರ ಹೆಸರು ಸಿಗುತ್ತೆ, ಗಾಳಿಮರ ನೆಟ್ಟವರದ್ದು ಸಿಗುವುದಿಲ್ಲ. ಇದು ನನಗೆ ಬೇಸರದ ವಿಷಯ.

ಆ ಹೆಂಗಸು ಕೆಲಸ ಮುಗಿಸುವ ತನಕ ಹುಡುಗ ಅವರ ಕೈ ನೋಡುತ್ತಲೇ ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು, "ಆಂಟಿ, ಅವರು ಯಾಕೆ ಕಡ್ಡಿ ಚುಚ್ತಿದ್ದಾರೆ?" ಅಂತ ಕೇಳಿದ. ಹೂತುಹೋದ ಊರುಗಳ ಕಥೆ ಹೇಳಿದೆ. "ಮನೆ ಸಮೇತವಾ?" ಅಂದ. ಮನೆ ಸಮೇತ ಅಂದೆ. "ಚರ್ಚು?" ಚರ್ಚೂ. ಅಪ್ಪ ಫೋನ್ ಜೇಬಿಗೆ ಹಾಕಿ ಹತ್ತಿರ ಬಂದು ನಿಂತರು. "ಇದನ್ನ ಇಲ್ಲಿ ಎಲ್ಲೂ ಬರೆದಿಲ್ವಲ್ಲ ಮೇಡಂ" ಅಂದರು. ಆ ಮಾತು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಹಗ್ಗದ ಪಕ್ಕ ಆ ಫಲಕದಲ್ಲಿ ಇದ್ದದ್ದು ಕೆಂಪು ಗೆರೆ ಎಳೆದ ಮನುಷ್ಯ ಒಬ್ಬನೇ. ಅದರ ಕೆಳಗೆ ಹಳೇ ನಿದಾ, ಕರ್ವೈಚೈ ಅಂತ ಹೂತುಹೋದ ಊರುಗಳ ಹೆಸರುಗಳನ್ನು ಸುಮ್ನೆ ಸಾಲಾಗಿ ಬರೆದರೂ ಸಾಕು, ಅರ್ಧಕ್ಕರ್ಧ ಜನ ಹಗ್ಗ ದಾಟುವುದಿಲ್ಲ ಅಂತ ನನ್ನ ನಂಬಿಕೆ. ಇದನ್ನೇ ಈ ಮರಳಪಟ್ಟಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಪಾರ್ಕಿನವರಿಗೆ ಬರೆದು ಕಳಿಸಬೇಕು. ನನ್ನ ಲಿಥುವೇನಿಯನ್ ಅಷ್ಟು ಚೆನ್ನಾಗಿಲ್ಲ, ಆಫೀಸಿನ ಗೆಳತಿ ತಿದ್ದಿಕೊಡುತ್ತೇನೆ ಅಂದಿದ್ದಾಳೆ.